ವಾರಗಿತ್ತಿಯ ಸೊಲ್ಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು. ಓದಿದವರು ಇದನ್ನು ಬೇಸರ ಅನ್ನುತ್ತಾರೆ, ಇನ್ನು ಕೆಲವರು ಮನಸ್ಸಿನ ನೋವು ಅನ್ನುತ್ತಾರೆ. ನಮ್ಮ ಮಿರ್ಲೆಯಲ್ಲಿ ಅದಕ್ಕಿರುವುದು ಒಂದೇ ಹೆಸರು. ನನ್ನ ವಾರಗಿತ್ತಿಯ ಹಾಡನ್ನು ದೊಡ್ಡ ವಾದ್ಯಮೇಳದ ಜೊತೆಗೆ, ಜನರ ಮುಂದೆಯೇ ರೆಕಾರ್ಡು ಮಾಡಿ ಹೊರಗೆ ತರುತ್ತಾರೆ ಎಂದು ತಿಳಿದ ದಿನ ಹೊತ್ತಿಕೊಂಡದ್ದು ಇವತ್ತಿಗೂ ಆರಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ನಾನು ಆ ಮನೆಗೆ ಹಿರಿಸೊಸೆ, ಅವಳು ಕಿರಿಸೊಸೆ. ನಾನು ನಿವೃತ್ತಿಯಾಗುವ ತನಕ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು. ಅವಳು ಹೈಸ್ಕೂಲಿನ ಮೆಟ್ಟಿಲು ಹತ್ತದೆ ಮದುವೆಯಾದವಳು. ಮನೆ ಪಾಲಾದ ಮೇಲೆ ನಡುವೆ ಒಂದು ಗೋಡೆ ಎದ್ದಿತು. ಆದರೆ ಹಿತ್ತಲು ಒಂದೇ, ಬಟ್ಟೆ ಒಗೆಯುವ ಕಲ್ಲೂ ಒಂದೇ. ಎರಡು ಜಡೆ ಒಂದೆಡೆ ಸೇರುವುದಿಲ್ಲ ಅನ್ನುತ್ತಾರಲ್ಲ, ನಾವು ಸೇರಿದ್ದೆವು. ಯಾಕೆಂದರೆ ಮುಂದೆ ಯಾರು, ಹಿಂದೆ ಯಾರು ಅನ್ನುವುದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿತ್ತು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆಯುವಾಗ ಸೋಬಾನೆ ಹೇಳುತ್ತಾರೆ. ಒಬ್ಬಳು ಮುಂದೆ ಹೇಳುತ್ತಾಳೆ, ಅವಳ ಸಾಲಿನ ತುದಿಯನ್ನು ಮಿಕ್ಕವರು ಹಿಡಿದು ಮತ್ತೆ ಹೇಳುತ್ತಾರೆ. ಆ ತುದಿಗೇ ಸೊಲ್ಲು ಅನ್ನುವುದು. ಸೊಲ್ಲು ನೆಲಕ್ಕೆ ಬೀಳಬಾರದು. ಮುಂದಿನವಳು ಬಿಟ್ಟ ಕೂಡಲೇ ಹಿಂದಿನವರು ಹಿಡಿಯಬೇಕು. ಮುಂದಿನವಳೇ ಮರೆತು ತಡೆದರೆ ಪಕ್ಕದಲ್ಲಿ ಇದ್ದವರು ಎತ್ತಿಕೊಡಬೇಕು. ನಡುವೆ ಬರಿದು ಬಿದ್ದರೆ ಹಸೆಯ ಮೇಲೆ ಕೂರುವವಳ ಬಾಳಿಗೆ ಒಳ್ಳೆಯದಲ್ಲ ಎಂದು ನಂಬಿಕೆ. ನಮ್ಮತ್ತೆ ಇರುವ ತನಕ ಪ್ರತಿ ಚಪ್ಪರದಲ್ಲೂ ಎಚ್ಚರಿಸುತ್ತಿದ್ದರು: "ಸೊಲ್ ನೆಲಕ್ ಬೀಳುಸ್ಬ್ಯಾಡ್ರವ್ವ, ಎಣ್ಣು ಬಾಳ್ಬೇಕು."

ಮಿರ್ಲೆ, ಸಾಲಿಗ್ರಾಮದ ಸುತ್ತ ಯಾವ ಮನೆಯ ಮದುವೆಯಾದರೂ ಮುಂದೆ ಹೇಳುವವಳು ನಾನು. ನನ್ನ ಬೆನ್ನಿಗೆ ಕೂತು ಸೊಲ್ಲು ಹಿಡಿಯುವವಳು ಅವಳು. ನನ್ನ ಉಚ್ಚಾರ ಸ್ವಚ್ಛ, ದನಿ ದೊಡ್ಡದು, ಒಂದು ಪದವನ್ನೂ ಮರೆಯುವವಳಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಏನು ಮಾಡಲಿ.

ಮೈಸೂರಿನಿಂದ ಒಬ್ಬ ಸಂಗೀತದ ಮೇಷ್ಟರು ನಮ್ಮ ಮನೆಗೆ ಬಂದದ್ದು ನನ್ನನ್ನು ಹುಡುಕಿಕೊಂಡೇ. ಪಿಟೀಲು, ಕೊಳಲು, ಕ್ಲಾರಿಯೊನೆಟ್ಟು, ತುತ್ತೂರಿ ಎಲ್ಲ ಇರುವ ಮೇಳ ಅವರದು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವವರು. ಇದು ಆ ಥರದ್ದಲ್ಲ, ಇಲ್ಲಿ ಎಲ್ಲರೂ ಕೂತು ಎದುರಿಗಿರುವ ಹಾಳೆ ನೋಡಿಕೊಂಡು ನುಡಿಸುತ್ತಾರೆ ಎಂದು ಅವರು ವಿವರಿಸಿದರು. ಸೋಬಾನೆಯನ್ನು ಆ ಮೇಳಕ್ಕೆ ಅಳವಡಿಸಿದ್ದಾರಂತೆ, ಹೇಳುವ ದನಿ ಬೇಕಂತೆ. ನಾನು ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಕಾದಿದ್ದೆ.

ಹೇಳಿದೆ. ಚೆನ್ನಾಗಿಯೇ ಹೇಳಿದೆ. ಮೇಷ್ಟರು ತಲೆದೂಗಿದರು. "ತುಂಬ ಶುದ್ಧವಾಗಿ ಹೇಳ್ತೀರಿ ಮೇಡಂ," ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. "ಸೊಲ್ಲು ಹಿಡಿಯೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದಾಗ ಹಿತ್ತಲ ಕಡೆ ತಿರುಗಿ ಅವಳನ್ನು ಕರೆದವಳೂ ನಾನೇ. "ಬಾರೇ ಇಲ್ಲಿ, ಒಂದ್ ಗಳಿಗೆ," ಎಂದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ವಾಡಿಕೆಯಂತೆ ನನ್ನ ಹಿಂದೆ ಕೂತಳು. ನಾನೊಂದು ಸಾಲು ಹೇಳಿದೆ, ಅವಳು ಸೊಲ್ಲು ಹಿಡಿದಳು. ಮೇಷ್ಟರು ತಮ್ಮ ಕೈಯಲ್ಲಿದ್ದ ಮೈಕನ್ನು ನನ್ನ ಭುಜದ ಮೇಲಿಂದ ಆಚೆಗೆ ಚಾಚಿದರು. ಇನ್ನೊಂದು ಸಲ ಎಂದರು. ಮತ್ತೊಂದು ಸಲ ಎಂದರು. ಆಮೇಲೆ, "ಈಗ ಅವರೊಬ್ಬರೇ ಹೇಳಲಿ," ಎಂದರು.

ನಾನು ಎದ್ದು ಕಾಫಿ ಮಾಡಲು ಒಳಗೆ ಹೋದೆ. ಬೇರೆ ಎಲ್ಲಿಗೆ ಹೋಗುವುದು?

ಸಂಜೆ ಅವಳು ಗೋಡೆಯಾಚೆಯಿಂದ ಹಿತ್ತಲಿಗೆ ಬಂದು ನಿಂತಳು. "ಅಕ್ಕ, ನಂಗ್ಯಾಕಿವೆಲ್ಲ, ನಮ್ಮಕ್ಕನ ಕೈಲೇ ಏಳ್ಸಿ ಅಂದೆ. ಅವ್ರು ಕೇಳ್ನಿಲ್ಲ ಕಣಕ್ಕ," ಎಂದಳು.

"ನಂಗೇನಮ್ಮ, ಹೋಗಿ ಹೇಳು. ನಂಗೂ ವಯಸ್ಸಾಯ್ತು," ಎಂದೆ. ಅವಳಿಗೂ ನನಗೂ ಅಂಥ ವಯಸ್ಸಿನ ಅಂತರವೇನಿಲ್ಲ.

ತಾಲೀಮಿಗೆ ಅವಳನ್ನು ಮೈಸೂರಿಗೆ ಕರೆದೊಯ್ಯಲು ಕಾರು ಬರತೊಡಗಿತು. ಅವಳ ಬಾಗಿಲಿಗೆ ಕಾರು ತಿರುಗಿಸಲು ಜಾಗವಿಲ್ಲ, ಹಾಗಾಗಿ ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ಹಾದಿಯಲ್ಲಿ ಹೋಗುವವರೆಲ್ಲ ನನ್ನನ್ನೇ ಕೇಳುವುದು: "ಏನ್ ಮೇಡಮ್ಮೋರೆ, ನಿಮ್ಗೆ ಕಾರ್ ಬಂದದೆ?" ನನಗಲ್ಲ, ನಮ್ಮ ವಾರಗಿತ್ತಿಗೆ ಎಂದು ಊರಿಗೆಲ್ಲ ನಾನೇ ಸಾರಬೇಕಾಯಿತು. ಅವಳ ದನಿ ಒರಟು, ಆ ಮೇಳಕ್ಕೆ ಹೊಂದುವುದಿಲ್ಲ, ಆ ಮೇಷ್ಟರಿಗೆ ನಮ್ಮ ಹಾಡಿನ ಗಂಧ ಗೊತ್ತಿಲ್ಲ ಎಂದೆಲ್ಲ ಊಟಕ್ಕೆ ಬಡಿಸುತ್ತ ಯಜಮಾನರ ಮುಂದೆ ಹೇಳುತ್ತಿದ್ದೆ. ಅವರು ಮುದ್ದೆ ಮುರಿಯುತ್ತ, "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದರು. ಅವತ್ತು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ರೆಕಾರ್ಡಿಂಗು ಇಟ್ಟದ್ದು ಹುಣಸೂರಿನ ಒಂದು ಹಳೆಯ ಕಲ್ಯಾಣ ಮಂಟಪದಲ್ಲಿ. ಮೇಷ್ಟರು ಊರೂರಿನ ಮಂಟಪಗಳಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿ, ಇದರ ಗೋಡೆಗಳು ದನಿಯನ್ನು ಸರಿಯಾಗಿ ಹಿಂದಿರುಗಿಸುತ್ತವೆ ಎಂದು ಆರಿಸಿದ್ದರಂತೆ. ಕೇಳುವವರಿಗೂ ಈ ಹಾಡು ಗೊತ್ತಿರಬೇಕು ಎನ್ನುವುದು ಅವರ ಹಟ. ಅದಕ್ಕೇ ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಂದ ವ್ಯಾನು ಮಾಡಿ ಹೆಂಗಸರನ್ನು ಕರೆಸಿದ್ದರು. ನಮಗೆ ಮುಂದಿನ ಸಾಲು, ಹಾಡುವವರ ಮನೆಯವರು ಅಂತ. ನನ್ನ ಪಕ್ಕದಲ್ಲಿ ಹಾರನಹಳ್ಳಿಯ ಒಬ್ಬ ಹೆಂಗಸು ಕೂತಿದ್ದರು. "ನೀವು ಆಡೋರ್ಗೆ ಏನಾಗ್ಬೇಕು?" ಎಂದು ಕೇಳಿದರು. ಅಕ್ಕ ಎಂದೆ.

ಶುರುವಾಗುವ ಮುನ್ನ ಒಬ್ಬ ಹುಡುಗಿ ಬಂದು ಕಟ್ಟಳೆಗಳನ್ನು ಹೇಳಿದಳು. ಮೊಬೈಲು ಆರಿಸಬೇಕು. ಕೆಮ್ಮು ಬಂದರೆ ಬಾಯಿಗೆ ಬಟ್ಟೆ. ಫ್ಯಾನು ಹಾಕುವಂತಿಲ್ಲ, ಅದರ ಸದ್ದೂ ರೆಕಾರ್ಡಾಗುತ್ತದೆ. ಮೇಷ್ಟರು ಎತ್ತಿದ ಕೈ ಇಳಿಸುವ ತನಕ ಚಪ್ಪಾಳೆ ಬೇಡ. ಕೊನೆಗೆ, "ಎಲ್ರೂ ಗಾಜಿನ ಬಳೆ ತೆಗೆದಿಟ್ಟುಕೊಳ್ಳಿ, ಮೈಕಿಗೆ ಕೇಳ್ಸುತ್ತೆ," ಎಂದಳು.

ಮಂಟಪಕ್ಕೆ ಮಂಟಪವೇ ಎದ್ದು ನಿಂತಿತು. "ಮುತ್ತೈದೇರ್ಗೆ ಬಳೆ ತಗೀರಿ ಅಂತೀಯೇನವ್ವ?" ಎಂದು ಹಿಂದಿನಿಂದ ಒಬ್ಬಾಕೆ ಕೂಗಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಆಮೇಲೆ ಯಾರೋ ಅಡುಗೆಮನೆಯಿಂದ ಬಿಳಿ ಪಂಚೆಗಳನ್ನು ತರಿಸಿ ಹರಿದು ಹಂಚಿದರು. ಹೆಂಗಸರೆಲ್ಲ ಬಳೆಗಳ ಮೇಲೆ ಬಟ್ಟೆ ಸುತ್ತಿಕೊಂಡು ಕೂತೆವು. ಅಷ್ಟೂ ಜನ ಮಣಿಕಟ್ಟು ಮುರಿದುಕೊಂಡು ಆಸ್ಪತ್ರೆಗೆ ಬಂದವರ ಹಾಗೆ ಕಾಣುತ್ತಿದ್ದೆವು.

ವೇದಿಕೆಯ ಮೇಲೆ ಕಪ್ಪು ಬಟ್ಟೆ ತೊಟ್ಟವರು ಸಾಲಾಗಿ ಬಂದು ಕೂತರು. ಆಳೆತ್ತರದ ಪಿಟೀಲನ್ನು ನಿಂತುಕೊಂಡೇ ನುಡಿಸುವವರೂ ಇದ್ದರು. ಅವರು ಶ್ರುತಿ ಮಾಡಿಕೊಳ್ಳುವ ಸದ್ದಿಗೇ ನಮ್ಮ ಯಜಮಾನರು ತಲೆದೂಗತೊಡಗಿದರು. "ಇನ್ನೂ ಶುರುವಾಗಿಲ್ಲ ಕಣ್ರೀ," ಎಂದು ತಿವಿದೆ. ಮೇಷ್ಟರು ಕೈಯಲ್ಲಿ ಸಣ್ಣ ಕಡ್ಡಿ ಹಿಡಿದು ಬಂದರು. ಅವರ ಹಿಂದೆ ಅವಳು ಬಂದಳು.

ನೂಲಿನ ಸೀರೆ, ಮುಡಿಯಲ್ಲಿ ಒಂದು ಮೊಳ ಮಲ್ಲಿಗೆ. ಅಷ್ಟೇ. ರೇಷ್ಮೆ ಉಟ್ಟು ಬಂದಿದ್ದರೆ ಆಡಿಕೊಳ್ಳಲು ನನಗೊಂದು ದಾರಿಯಿರುತ್ತಿತ್ತು, ಅದನ್ನೂ ಕೊಡಲಿಲ್ಲ. ಅವಳನ್ನು ನಾನು ಯಾವ ಚಪ್ಪರದಲ್ಲೂ ಎದುರಿನಿಂದ ನೋಡಿದವಳಲ್ಲ. ಹೇಳುವಾಗ ಅವಳು ಕಣ್ಣು ಮುಚ್ಚುತ್ತಾಳೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು.

ದೀಪ ಇಳಿಸಿದಾಗ ನಾನು ಮನಸ್ಸಿನಲ್ಲಿ ಮಾರಮ್ಮನನ್ನು ನೆನೆದೆ. ತಾಯೀ, ಅವಳು ಒಂದೇ ಒಂದು ಕಡೆ ತಪ್ಪಲಿ, ಪೂರ್ತಿ ಬೇಡ, ಒಂದು ಚೂರು ತಪ್ಪಲಿ ಎಂದೆ. ಹಾಗೆ ಕೇಳಿಕೊಂಡ ಮೇಲೆ ಭಯವಾಗಿ, ಕೇಳಿಸಿಕೊಂಡಿದ್ದರೆ ಬಿಟ್ಟುಬಿಡು ತಾಯಿ ಎಂದೂ ಸೇರಿಸಿದೆ. ಎರಡರಲ್ಲಿ ಯಾವುದನ್ನು ಮನಸಾರೆ ಕೇಳಿದೆ ಎಂದು ಆ ತಾಯಿಗೇ ಗೊತ್ತು.

ಅದು ಹೆಣ್ಣನ್ನು ಹಸೆಗೆ ಕರೆಯುವ ಹಾಡು. ದಿಬ್ಬಣ ಹೊಳೆ ದಾಟಿ ಬಂದಿದೆ, ಹಸೆ ಹಾಸಿದೆ, ಎಲ್ಲರೂ ಕಾದಿದ್ದಾರೆ. ಪ್ರತಿ ಸಾಲಿನ ತುದಿಯಲ್ಲೂ 'ಮಗಳೇ ಎದ್ದು ಬಾ' ಎಂದು ಬರುತ್ತದೆ, 'ಎದ್ದು ಬಾ' ಅನ್ನುವುದೇ ಸೊಲ್ಲು. ಅವಳು ಹೇಳಿದ ಕೂಡಲೇ ಪಿಟೀಲಿನವರು ಆ ಎರಡು ಮಾತಿನ ರಾಗವನ್ನು ಹಿಡಿಯುತ್ತಿದ್ದರು. ಹಿಂದಿನವಳು ಮುಂದಾಗಿದ್ದಳು. ಅಷ್ಟೊಂದು ಜನ ಓದಿದವರು, ಕೋಟು ತೊಟ್ಟವರು, ಅವಳ ಬೆನ್ನ ಹಿಂದೆ ಕೂತು ಅವಳ ಸೊಲ್ಲು ಹಿಡಿಯುತ್ತಿದ್ದರು. ನಾನು ತಪ್ಪು ಹುಡುಕುತ್ತಿದ್ದೆ. 'ಹೊಳೆ'ಯನ್ನು 'ವೊಳೆ' ಅನ್ನುತ್ತಾಳೆ, 'ಹಸೆ'ಯನ್ನು 'ಅಸೆ' ಅನ್ನುತ್ತಾಳೆ. ಎಷ್ಟು ವರ್ಷ ತಿದ್ದಿದ್ದೇನೆ! ಆದರೆ ಸುತ್ತ ನೋಡಿದರೆ ಒಬ್ಬರ ಮುಖದಲ್ಲೂ ಅದು ತಪ್ಪೆಂದು ಕಾಣಲಿಲ್ಲ. ಹಾರನಹಳ್ಳಿಯಾಕೆ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೊನೆಯ ಸಾಲು ಬಂತು. ವಾದ್ಯಗಳೆಲ್ಲ ಒಂದೊಂದಾಗಿ ನಿಂತುಹೋದವು. ಅವಳ ದನಿಯೊಂದೇ ಉಳಿಯಿತು. "ಮಗಳೇ..." ಎಂದಳು. ಎಳೆದಳು. ನಿಲ್ಲಿಸಿದಳು.

ಆಮೇಲೆ ಏನೂ ಇಲ್ಲ.

ಮರೆತಳು ಎಂದುಕೊಂಡೆ. ಆಗ ನನಗೆ ಆದದ್ದು ಸಂತೋಷ. ಮಾರಮ್ಮ ನನ್ನ ಮಾತು ಕೇಳಿದಳು ಎಂದೇ ಅಂದುಕೊಂಡೆ. ಅದರ ಬೆನ್ನಿಗೇ ನಮ್ಮತ್ತೆಯ ದನಿ ಕಿವಿಯಲ್ಲಿ ಬಂತು, ಸೊಲ್ಲು ನೆಲಕ್ಕೆ ಬೀಳುತ್ತಿದೆ ಎಂದು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. ಕೂತಲ್ಲಿಂದಲೇ, ಇಡೀ ಮಂಟಪಕ್ಕೆ ಕೇಳುವ ಹಾಗೆ, "ಎದ್ದು ಬಾ!" ಎಂದೆ.

ನಾನು ಎತ್ತಿಕೊಟ್ಟದ್ದೇ ತಡ, ಕಾದು ಕೂತಿದ್ದ ಹೆಂಗಸರೆಲ್ಲ ಸೊಲ್ಲು ಹಿಡಿದರು. ಕೋಟೆಯವರು, ಪಿರಿಯಾಪಟ್ಟಣದವರು, ಹಾರನಹಳ್ಳಿಯಾಕೆ, ಎಲ್ಲರೂ ಒಂದೇ ಉಸಿರಿಗೆ "ಎದ್ದು ಬಾ" ಎಂದರು. ಕಟ್ಟಳೆಗಳೆಲ್ಲ ಗಾಳಿಗೆ ಹೋದವು. ಮೇಷ್ಟರ ಕಡ್ಡಿ ಮೇಲೆಯೇ ನಿಂತಿತ್ತು. ದನಿಯೆಲ್ಲ ಆರಿದ ಮೇಲೂ ಅವರು ಅದನ್ನು ಬಹಳ ಹೊತ್ತು ಇಳಿಸಲಿಲ್ಲ.

ದೀಪ ಬಂತು. ಗುಜುಗುಜು ಎದ್ದಿತು. ಹಾರನಹಳ್ಳಿಯಾಕೆ ನನ್ನ ಕೈ ಹಿಡಿದು, "ನೀವು ಎತ್ಕೊಡ್ದೆ ಓಗಿದ್ರೆ ಏನ್ ಗತಿಯಾಗದು ಕಣ್ರವ್ವ! ಅಕ್ಕ ಅಂದ್ರೆ ಇಂಗಿರ್ಬೇಕು," ಎಂದರು. ಹಿಂದಿನ ಸಾಲಿನವರೂ ಬಗ್ಗಿ ಬಗ್ಗಿ ನನ್ನ ಮುಖ ನೋಡಿದರು. ನಾನು ಉಬ್ಬಿಹೋದೆ. ಎಲ್ಲರ ಮುಂದೆ ಅವಳು ತಪ್ಪಿದ್ದಾಳೆ, ನಾನು ಕಾಪಾಡಿದ್ದೇನೆ; ನನಗೆ ಬೇಕಾದದ್ದು ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಯಜಮಾನರು ಮಾತ್ರ ನನ್ನ ಕಡೆ ನೋಡದೆ ಮಣಿಕಟ್ಟಿನ ವಾಚನ್ನು ತಿರುಗಿಸುತ್ತ ಕೂತಿದ್ದರು.

ಮೇಷ್ಟರು ವೇದಿಕೆಯ ಅಂಚಿಗೆ ಬಂದರು. ಸಿಟ್ಟಿರಲಿಲ್ಲ. "ಅಮ್ಮಂದಿರೇ, ಅವರು ಮರೆತದ್ದಲ್ಲ," ಎಂದರು. "ಅಲ್ಲಿ ಅಷ್ಟು ಹೊತ್ತು ಬಿಟ್ಟು ಹೇಳಬೇಕು ಅಂತಲೇ ಇಟ್ಟಿರೋದು. ಇನ್ನೊಂದು ಸಲ ಮಾಡೋಣ. ಈ ಸಲ ದಯವಿಟ್ಟು ಯಾರೂ ಸೊಲ್ಲು ಹಿಡೀಬೇಡಿ."

ಹಾರನಹಳ್ಳಿಯಾಕೆ ಹಿಡಿದಿದ್ದ ನನ್ನ ಕೈಯನ್ನು ಮೆಲ್ಲಗೆ ಬಿಟ್ಟರು. ನನ್ನ ಕಿವಿ ಕಾದ ಹೆಂಚಿನಷ್ಟು ಬಿಸಿಯಾಯಿತು. ಅವಳು ವೇದಿಕೆಯ ಮೇಲೆ ನೀರು ಕುಡಿಯುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ಎರಡನೇ ಸಲ ಶುರುವಾಯಿತು. ನಾನು ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡು ಕೂತೆ. ಅದೇ ಸಾಲುಗಳು, ಅದೇ ಪಿಟೀಲು. ಕೊನೆಗೆ ಅವಳ ದನಿಯೊಂದೇ ಉಳಿಯಿತು. "ಮಗಳೇ..." ಎಂದಳು, ನಿಲ್ಲಿಸಿದಳು. ಮಂಟಪದಲ್ಲಿದ್ದ ಅಷ್ಟೂ ಹೆಂಗಸರು ಹಲ್ಲು ಕಚ್ಚಿಕೊಂಡು ಕೂತಿದ್ದರು. ಸೊಲ್ಲು ಬೀಳುತ್ತಿತ್ತು, ಬೀಳುತ್ತಲೇ ಇತ್ತು. ಆಮೇಲೆ ಅವಳು ಬಹಳ ಮೆತ್ತಗೆ, ಯಾರಿಗೂ ಕೇಳದಿದ್ದರೂ ಆದೀತು ಅನ್ನುವಂತೆ, ಹೇಳಿದಳು: "ಎದ್ದು ಬಾ."

ಆ ಎರಡು ಮಾತನ್ನು ನಾನು ಎಷ್ಟು ಮದುವೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಚಪ್ಪರದ ಆಚೆ ತುದಿಯವರಿಗೂ ಕೇಳಲಿ ಎಂದು ಕರೆದಿದ್ದೇನೆ. ಕರೆಯುವ ತಾಯಿಗೆ ಮಗಳು ಎದ್ದು ಬರುವುದು ಬೇಡವಾಗಿರುತ್ತದೆ ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ನನಗಿರುವುದು ಗಂಡುಮಕ್ಕಳು. ಅವಳಿಗೆ ಒಬ್ಬಳೇ ಮಗಳು, ಕೋಟೆ ಕಡೆಗೆ ಕೊಟ್ಟಿದ್ದೇವೆ. ಆ ಮದುವೆಯಲ್ಲೂ ಮುಂದೆ ಕೂತು ಹಸೆಗೆ ಕರೆದವಳು ನಾನೇ. ಹೆತ್ತವಳು ನನ್ನ ಹಿಂದೆ ಕೂತು ಸೊಲ್ಲು ಹಿಡಿದಿದ್ದಳು. ಅವತ್ತು ಅವಳು ಈ ಮಾತನ್ನು ಹೀಗೆ ಹೇಳಬೇಕೆಂದಿದ್ದಳೋ ಏನೋ, ನನ್ನ ದನಿಯ ಮುಂದೆ ಯಾರಿಗೆ ಕೇಳಿಸಬೇಕು?

ಅಷ್ಟೆಲ್ಲ ತಿಳಿದ ಮೇಲೆ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಆ ಗಳಿಗೆಯಲ್ಲಿ ಬಂದಷ್ಟು ಹೊಟ್ಟೆಕಿಚ್ಚು ನನಗೆ ಜನ್ಮದಲ್ಲಿ ಬಂದಿಲ್ಲ. ಕಾರು ಅವಳಿಗೆ ಬಂದದ್ದು, ವೇದಿಕೆ ಸಿಕ್ಕಿದ್ದು, ಇವೆಲ್ಲ ಏನೂ ಅಲ್ಲ. ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ ಎನ್ನುವುದು ನನಗೇ ಗೊತ್ತಾಗಿಹೋಯಿತಲ್ಲ, ಅದನ್ನು ನುಂಗಲಾಗಲಿಲ್ಲ.

ಊರಿಗೆ ಬರುವಾಗ ವ್ಯಾನಿನಲ್ಲಿ ಪಕ್ಕದಲ್ಲೇ ಕೂತಳು. ಮುಡಿಯ ಮಲ್ಲಿಗೆ ಬಾಡಿತ್ತು. "ಅಕ್ಕ, ಚಂದಾಗಾಯ್ತಾ?" ಎಂದು ಕೇಳಿದಳು.

"ಊಂ, ಪರ್ವಾಗಿಲ್ಲ," ಎಂದೆ.

ಎರಡರಲ್ಲಿ ಯಾವುದನ್ನು ಹೊರಗೆ ತರುತ್ತಾರೆ ಎಂದು ಮೇಷ್ಟರು ಹೇಳಿರಲಿಲ್ಲ. ಎರಡನೆಯದೇ ಸರಿ ಎಂದು ನನಗೆ ಗೊತ್ತಿತ್ತು. ಆದರೂ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ, ಹಾಲು ಕಾಯಿಸುವಾಗ, ಮೊದಲನೆಯದು ಬರಲಿ, ನನ್ನ ದನಿಯೂ ಅದರಲ್ಲಿರಲಿ ಎಂದು ಆಸೆಪಡುತ್ತಿದ್ದೆ. ಯಾರೂ ಇಲ್ಲದಾಗ ಬಚ್ಚಲಲ್ಲಿ ಅವಳ ಹಾಗೆ 'ಎದ್ದು ಬಾ' ಎಂದು ಹೇಳಿ ನೋಡಿದೆ. ಶಾಲೆಯ ಹಾಜರಿ ಕೂಗಿದ ಹಾಗಾಯಿತು.

ಮಳೆಗಾಲ ಕಳೆದ ಮೇಲೆ ಅವಳ ಮೊಬೈಲಿಗೆ ಹಾಡಿನ ಲಿಂಕು ಬಂತು. ಸಂಜೆ ಅವಳ ಜಗುಲಿಯ ಮೇಲೆ ಅಕ್ಕಪಕ್ಕದವರೆಲ್ಲ ಸೇರಿದೆವು. ಮೈದುನ ಮೊಬೈಲನ್ನು ಸ್ಟೀಲಿನ ಪಾತ್ರೆಯೊಳಗೆ ಇಟ್ಟ, ದನಿ ದೊಡ್ಡದಾಗಲಿ ಎಂದು. ಪಿಟೀಲು ಬಂತು, ಅವಳ ದನಿ ಬಂತು, ದಿಬ್ಬಣ ಹೊಳೆ ದಾಟಿತು. ಕೊನೆಗೆ "ಮಗಳೇ..." ಎಂದು ನಿಂತಿತು. ಪಾತ್ರೆಯೊಳಗಿಂದ ನನ್ನ ದನಿ, ಸ್ವಚ್ಛವಾಗಿ, ಗಟ್ಟಿಯಾಗಿ, "ಎದ್ದು ಬಾ!" ಎಂದಿತು. ಅದರ ಹಿಂದೆ ಮಂಟಪದ ಅಷ್ಟೂ ಹೆಂಗಸರು ಎದ್ದು ಬಾ ಎಂದರು. ಹಾಡು ಮುಗಿಯಿತು.

"ಮೇಡಮ್ಮೋರ್ ದನಿ! ಮೇಡಮ್ಮೋರ್ ದನಿ ಕಣ್ಲಾ!" ಎಂದು ಜಗುಲಿಯವರು ಕೂಗಿದರು. ನಾನು ಬೇಡ ಬೇಡವೆಂದರೂ ಮುಖ ಅರಳಿಬಿಟ್ಟಿತು. ಹೆಂಗಸರೆಲ್ಲ ಒಟ್ಟಿಗೆ ಸೊಲ್ಲು ಹಿಡಿದದ್ದು ಮತ್ತೆ ಹೇಳಿಸಿದರೂ ಬರುವುದಿಲ್ಲ, ಅದಕ್ಕೇ ಮೊದಲನೆಯದನ್ನೇ ಇಟ್ಟುಕೊಂಡೆ ಎಂದು ಮೇಷ್ಟರು ಫೋನಿನಲ್ಲಿ ಹೇಳಿದರಂತೆ. ಮೈದುನ ಇನ್ನೊಮ್ಮೆ ಹಾಕಿದ.

ಅವಳು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ನಗುತ್ತಲೇ ಹೇಳಿದಳು: "ಕೊನೆ ಮಾತು ಯಾವಾಗ್ಲೂ ನಿಂದೇ ಕಣಕ್ಕ."

ಅದರಲ್ಲಿ ಕೊಂಕಿತ್ತೋ ಇಲ್ಲವೋ, ಈಗಲೂ ನನಗೆ ತಿಳಿಯದು. ಎದ್ದು ಅವಳ ಹತ್ತಿರ ಹೋದೆ. "ನೀನು ಎರಡ್ನೇ ಸಲ ಹೇಳುದ್ಯಲ್ಲ, ಹಂಗೆ ಒಂದ್ಸಲ ಹೇಳೇ. ನಾನು ಕೇಳ್ಬೇಕು," ಎಂದೆ. ನನ್ನ ಬಾಯಿಂದ ಆ ಮಾತು ಹೊರಡಿಸಲು ನನಗೆಷ್ಟು ಕಷ್ಟವಾಯಿತು ಎಂದು ಅವಳಿಗೆ ಗೊತ್ತಾಗಿರಬೇಕು.

"ಈಗ್ಯಾಕಕ್ಕ, ಆಗೋಯ್ತು ಬುಡು," ಎಂದಳು. "ಆಲು ಉಕ್ತದೆ," ಎಂದು ಒಳಗೆ ಹೋದಳು.

ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ಒಂದಲ್ಲ ಒಂದು ಕೆಲಸ ಹೇಳಿ ಒಳಗೆ ಹೋಗುತ್ತಾಳೆ. ನನ್ನ ದನಿಯಾದರೋ, ಮೊಬೈಲಿನಲ್ಲಿ ಯಾರು ಯಾವಾಗ ಒತ್ತಿದರೂ ಅವಳ ಮಾತನ್ನು ಹೇಳುತ್ತದೆ.